ಗೌಡರ ಖರ್ಚಿಗೆ ನಾನು ಕಾವಲು

ಚುನಾವಣೆ ಬಂತೆಂದರೆ ನಮ್ಮ ಮಂಡ್ಯ ಸೀಮೆಯಲ್ಲಿ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಜೀಪು ಹತ್ತಿ ಮನೆ ಬಾಗಿಲಿಗೆ ಬರುತ್ತೆ. ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಮದ್ದೂರು ಕಡೆಯ ಗೌಡರೊಬ್ಬರು ವಿಧಾನಸಭೆಗೆ ನಿಂತಾಗ, ಅವರ ಖರ್ಚು ಕಾಯುವುದಕ್ಕೆ ವಕೀಲರು ನನ್ನನ್ನು ಕಳಿಸಿದರು. "ಅಭ್ಯರ್ಥಿ ಇಷ್ಟೇ ಖರ್ಚು ಮಾಡಬೇಕು ಅಂತ ಕಾನೂನಿದೆ. ಮಿತಿ ದಾಟಿದರೆ ಗೆದ್ದ ಸೀಟೂ ಹೋದೀತು, ಹುಷಾರು" ಅಂದರು. ಎದುರಾಳಿ ಯಾರು ಅಂತೀರಿ? ಗೌಡರ ಹೆಂಡತಿಯ ಒಡಹುಟ್ಟಿದ ತಮ್ಮ! ಭಾವ ಎಲ್ಲಿ ಜಾರುತ್ತಾರೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ.

ಎತ್ತಿನ ಮೇವು

ಮೊದಲ ದಿನವೇ ಚಿಕ್ಕರಸಿನಕೆರೆ ಕಡೆಯಿಂದ ಮೆರವಣಿಗೆಗೆಂದು ಸಾಲು ಗಾಡಿ ಬಂದು ಗೌಡರ ಹಿತ್ತಲಲ್ಲಿ ನಿಂತವು. ನಾನು ಓಡಿ ಹೋಗಿ ಮುಂದಿನ ಗಾಡಿಯವನನ್ನು ಬಾಡಿಗೆ ಎಷ್ಟೆಂದು ಕೇಳಿದೆ.

"ಬಾಡ್ಗೆನಾ? ನಮ್ ಗಾಡಿ, ನಮ್ ಎತ್ತು, ನಮ್ ಗೌಡ. ಬುಡಿ ಸ್ವಾಮಿ."

"ಸರಿ, ಆದರೆ ಎತ್ತು ತಿನ್ನುತ್ತಿರೋದು ಗೌಡರ ಹುಲ್ಲಲ್ಲವೇ? ಅದು ಖರ್ಚಿಗೆ ಸೇರುತ್ತೆ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎತ್ತಿನ ಬಾಯಿಂದ ಹುಲ್ಲು ಕಿತ್ತು ನನ್ನ ಕೈಗೆ ತುರುಕಿದ. "ತಗಳಿ. ಒಟ್ಟೆಗೋಗಿರೋದು ನಾಳೆ ಬೆಳಿಗ್ಗೆ ಸಗಣಿ ಆಗಿ ಬತ್ತದೆ. ಅದ್ನೂ ತಂದ್ಕೊಡ್ತೀನಿ, ಸರೋಯ್ತದೆ!"

ವಡೆ ಯಾರದು?

ಮದ್ದೂರಿನ ಹೋಟೆಲಿಗೆ ಗೌಡರು ಒಂದು ಲೋಟ ಕಾಫಿಗೆಂದು ಹೊಕ್ಕರೆ, ಹಿಂದೆ ಇಡೀ ರಸ್ತೆಯೇ ಹೊಕ್ಕಿತು. ಎಲ್ಲರ ಮುಂದೂ ವಡೆ ಬಂತು. ನಾನು ಬೆಂಚಿನ ಮೇಲೆ ಹತ್ತಿ, "ಅವರವರ ವಡೆಗೆ ಅವರವರೇ ಕೊಡಬೇಕು! ಓಟುದಾರರಿಗೆ ತಿನ್ನಿಸೋದು ಕಾನೂನಿಗೆ ವಿರುದ್ಧ!" ಎಂದು ಕೂಗಿದೆ.

ಮೂಲೆಯಲ್ಲಿದ್ದ ಮುದುಕರೊಬ್ಬರು ಕಚ್ಚಿದ ವಡೆಯನ್ನು ತಟ್ಟೆಗಿಟ್ಟು ಕೇಳಿದರು: "ಗೌಡ, ಓಟು ನಿಂದು, ವಡೆ ಮಾತ್ರ ನಮ್ದಾ? ಈ ಅಯ್ನೋರ್ನ ನಿಂಗೆ ಕೊಟ್ಟೋನು ನಿನ್ ಭಾಮೈದ್ನೇ ಇರ್ಬೇಕು ಕಣ್ಲಾ!"

ಗೌಡರಿಗೂ ಅದೇ ಅನುಮಾನ ಬಂದಿರಬೇಕು. ಮಳವಳ್ಳಿ ರಸ್ತೆ ಹಿಡಿಯುವಾಗ ನನ್ನನ್ನು ಜೀಪಿನ ಹಿಂದಿನ ಸೀಟಿಗೆ ಕಳಿಸಿದರು.

ಒಂದು ಚೊಂಬು ಮಜ್ಜಿಗೆ

ಆ ರಸ್ತೆಯ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬಳು ನಮಗೆಲ್ಲ ಮಜ್ಜಿಗೆ ಕೊಟ್ಟು, "ಗೆದ್ರೆ ನನ್ ಸೊಸೇನ ತೌರಿಂದ ಕರ್ಸ್ಕೊಡಪ್ಪ" ಎಂದಳು.

ನಾನೇ ಬಾಯಿ ಹಾಕಿ, "ಅಜ್ಜೀ, ಅದು ಶಾಸಕರ ಕೈಲಿಲ್ಲ. ಅವರ ಕೆಲಸ ಕಾನೂನು ಮಾಡೋದು" ಎಂದು ವಿವರಿಸಿ, ಹಾಗೇ ಮಜ್ಜಿಗೆಯ ಬೆಲೆಯನ್ನೂ ಕೇಳಿದೆ.

"ಮಜ್ಗೆಗೆ ಬೆಲೆನಾ? ಯಾರ್ಲಾ ಮಾಡ್ದೋರು ಇಂಥ ಕಾನೂನ?"

"ಇವರಂಥ ಶಾಸಕರೇ ಸೇರಿ ಮಾಡ್ತಾರೆ ಅಜ್ಜಿ."

ಅಜ್ಜಿ ಗೌಡರ ಕೈಯಿಂದ ಚೊಂಬು ಕಿತ್ತುಕೊಂಡಳು. "ಅಂಗಾರೆ ನೀನು ಗೆಲ್ಲೋದೇ ಬ್ಯಾಡ, ಮನೇಲೇ ಇರು!"

ಮದುವೆಯೋ, ಭಾಷಣವೋ?

ಇಷ್ಟರ ಮಧ್ಯೆ ಗೌಡರ ಮಗಳ ಮದುವೆ. ಚುನಾವಣೆಗೆ ಮೊದಲೇ ಗೊತ್ತಾಗಿತ್ತು, ಮುಹೂರ್ತ ಮಾತ್ರ ಪ್ರಚಾರದ ನಡುವೆ ಬಿತ್ತು. ಮುಂದಕ್ಕೆ ಹಾಕಿ ಎಂದು ಗೌಡರ ಹೆಂಡತಿಯ ಮುಂದೆ ಕೈ ಮುಗಿದೆ.

"ಎಲೆಕ್ಷನ್ನು ಐದು ವರ್ಸಕ್ಕೆ ಇನ್ನೊಂದು ಬತ್ತದೆ. ನನ್ ಮಗಳ ಮುಹೂರ್ತ ಬತ್ತದಾ?" ಎಂದರು ಆಕೆ.

ಮದುವೆ ಜೋರಾಗಿಯೇ ಆಯಿತು. ಸುತ್ತಿನ ಹಳ್ಳಿಗಳೆಲ್ಲ ಬಂದು ಉಂಡು ಹೋದವು. ಭಾವನ ಜೊತೆ ಮಾತು ಬಿಟ್ಟಿದ್ದ ಎದುರಾಳಿಯೂ ಬಂದು, ತನ್ನ ಶಾಸ್ತ್ರ ಮುಗಿಸಿ, ಉಂಡು, ಮತ್ತೆ ಪ್ರಚಾರಕ್ಕೆ ಹೊರಟ.

ಗೌಡರು ಗೆದ್ದರು. ನಾನು ಮಂಡ್ಯದ ಚುನಾವಣಾ ಕಚೇರಿಗೆ ಹೋಗಿ ಖರ್ಚಿನ ಲೆಕ್ಕ ಒಪ್ಪಿಸಿ ಉಸಿರು ಬಿಡುವಷ್ಟರಲ್ಲಿ ಸೋತ ಎದುರಾಳಿಯಿಂದ ತಕರಾರು ಬಿತ್ತು: ಅದು ಮದುವೆಯೇ ಅಲ್ಲ, ಮದುವೆಯ ವೇಷದ ಪ್ರಚಾರ ಸಭೆ, ಆ ಊಟವನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದು. ಸೇರಿಸಿದರೆ ಮಿತಿ ದಾಟಿ ಆಕಾಶಕ್ಕೆ ಹೋಗುತ್ತೆ. ನನಗೆ ಅನ್ನ ಸೇರಲಿಲ್ಲ. ಇಷ್ಟು ದಿನ ಮಜ್ಜಿಗೆ ಕಾದು, ಮದುವೆಯಲ್ಲಿ ಸೀಟು ಕಳೆದೆನಲ್ಲ ಎಂದು ಅಳುವೇ ಬಂತು.

ಅಧಿಕಾರಿಗಳು ಎಲ್ಲರನ್ನೂ ಕರೆಸಿದರು. "ಅದು ಮದುವೆ ಅಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ಎದುರಾಳಿಯನ್ನು ಕೇಳಿದರು.

"ಬರೀ ಓಟುದಾರ್ರೇ ತುಂಬಿದ್ರು ಸಾರ್. ಕಣ್ಣಾರೆ ಕಂಡಿವ್ನಿ."

"ನೀವು ಅಲ್ಲಿ ಏನು ಮಾಡ್ತಿದ್ರಿ?"

ಎದುರಾಳಿ ಕೆಮ್ಮಿದ. ಬಾಗಿಲ ಬಳಿ ನಿಂತಿದ್ದ ಅವನ ಅಕ್ಕ, ಅಂದರೆ ಗೌಡರ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು.

"ಹೇಳ್ಲಾ, ಸಾಹೇಬ್ರಿಗೆ ಹೇಳು! ಸೋದರಮಾವ ಅಂತ ನನ್ ಮಗಳ್ನ ಎತ್ಕೊಂಡ್ ಬಂದು ಹಸೆ ಮೇಲೆ ಕುಂಡ್ರುಸ್ದೋನು ಯಾರ್ಲಾ? ಎತ್ಕೊಂಡ್ ಬಂದಿದ್ದು ಮದ್ವೆಗಾ, ಬಾಸಣಕ್ಕಾ?"

ತಮ್ಮನ ತಲೆ ಎದೆಗೆ ತಾಗಿತು.

"ಮದ್ವೆಗೇ ಕಣಕ್ಕ."

ಅಧಿಕಾರಿಗಳು ಬಾಯಿಗೆ ಕರ್ಚೀಫು ಒತ್ತಿಕೊಂಡು ತಕರಾರನ್ನು ತಳ್ಳಿಹಾಕಿದರು. ಹೊರಗೆ ಬಂದ ಮೇಲೆ ಅಕ್ಕ ತಮ್ಮನ ರಟ್ಟೆ ಹಿಡಿದರು. "ನಡೀಲಾ ಮನೆಗೆ, ಉಣ್ಣೀವಂತೆ. ಎಷ್ಟು ಸೊರಗೋಗಿದ್ದೀಯೆ!" ನನ್ನ ಜೀವಕ್ಕೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆತ ಎರಡು ಹೆಜ್ಜೆ ನಡೆದು, ತಿರುಗಿ ನನ್ನ ಕಡೆ ಬೆರಳು ತೋರಿಸಿದ.

"ಬತ್ತೀನಕ್ಕ. ಆದ್ರೆ ಮೊದ್ಲು ಈ ಅಯ್ನೋರ್ನ ಆ ಕಡೆ ಕಳ್ಸು. ನಾನ್ ಉಂಡಿದ್ನೂ ಭಾವನ ಖರ್ಚಿಗೆ ಸೇರ್ಸ್‌ಬುಟ್ರೆ, ಅವ್ನ್ ಸೀಟು ಓಗಾಕಿಲ್ವಾ?"