ಠುಮ್ರಿ ತಿಂದ ಎಮ್ಮೆ ಮತ್ತು ನಮ್ಮ ಆತ್ಯಾ

ಸಂಗೀತದ ಇತಿಹಾಸವನ್ನು ಹಿಂಡಿ, ಕೊಡವಿ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹರವಿದವರು ಈ ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಆತ್ಯಾ! ಸುಳ್ಳು ಎನ್ನುತ್ತೀರಾ? ಆ ಕಾಲಕ್ಕೆ ಏಕಸಂಬಿಯ ಬಸ್ ನಿಲ್ದಾಣದಲ್ಲಿ ಇಳಿದು ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು: "ಆ ಹುಚ್ಚ ಹಾಡ್ಯಾಕಿ ಮನಿ ಏನ್ರಿ? ಸೀದಾ ಹೋಗ್ರಿ. ಕೌದಿ ಮುಂದ ನಿಂತು ಹುಡುಗೂರು ಪಾಠಾ ಹೇಳಾಕತ್ತಿದ್ರ ಅದ ಮನಿ."

ಆತ್ಯಾ ಅಂದರೆ ಸೋದರತ್ತೆ. ನಾವು ಗಡಿಯ ಮಂದಿ, ಬಾಯಲ್ಲಿ ಕನ್ನಡ ಅರ್ಧ, ಮರಾಠಿ ಅರ್ಧ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದ ನಮ್ಮಪ್ಪ ಪ್ರತಿ ಬೇಸಿಗೆಯ ಸೂಟಿಗೆ ನನ್ನನ್ನು, ನನ್ನ ತಮ್ಮನನ್ನು, ಕಾಕಾನ ಮೂರು ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಅಕ್ಕನ ಮನೆಗೆ ಕಳಿಸುತ್ತಿದ್ದ. ಒಟ್ಟು ಐದು ಕಪಿಗಳು. ಎಂಬತ್ತರ ದಶಕದ ಮಾತು. ಟಿ.ವಿ. ಇರಲಿಲ್ಲ, ಊರಲ್ಲಿ ನೋಡುವಂಥದ್ದೂ ಏನಿರಲಿಲ್ಲ. ಆತ್ಯಾ ಇದ್ದಳು, ಆಕೆಯ ಎಮ್ಮೆ ಇತ್ತು.

ಹಗ್ಗದ ಪಾಠ ಹೀಗೆ. ಮೊದಲಿಗೆ ಅಜ್ಜನ ಮಡಿ ಧೋತರ, ಅದು ಸಾಮಗಾನ. ಆಮೇಲೆ ಕೌದಿ, ಅದು ಧ್ರುಪದ. "ಎತ್ರಿ ನೋಡೂಣು!" ಎನ್ನುವಳು. ಒದ್ದೆ ಕೌದಿಯನ್ನು ನಾವು ಐದು ಜನ ಕೂಡಿ ಎತ್ತಲಾಗುತ್ತಿರಲಿಲ್ಲ. "ತಿಳೀತಲ್ಲ? ಧ್ರುಪದ ಅಂದ್ರ ಇಷ್ಟ ವಜ್ಜಿ. ಹಂಗಂತ ಜನಾ ಅದನ್ನ ಇಳಿಸಿ ಇದನ್ನ ಹಿಡದ್ರು" ಎಂದು ತನ್ನ ಹದಿನೆಂಟು ಮೊಳದ ಸೀರೆ ಹರವುವಳು. ಅದು ಖಯಾಲು. ಎಷ್ಟು ಬಿಚ್ಚಿದರೂ ಮುಗಿಯುವುದಿಲ್ಲ! ಅದರ ಪಕ್ಕ ಜರಿಯಂಚಿನ ಕುಬಸ, ಠುಮ್ರಿ. ಆಮೇಲೆ ರುಮಾಲು, ನಾಟಕದ ಪದ. ಕಟ್ಟಕಡೆಗೆ ನನ್ನ ತಮ್ಮನ ಚಡ್ಡಿ. ಅದು ಸಿನಿಮಾ ಹಾಡು. ತಮ್ಮ ಅಳುತ್ತಿದ್ದ.

ಒಂದು ದಿನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಇತಿಹಾಸದೊಳಗೆ ಬಾಯಿ ಹಾಕಿತು. ಧ್ರುಪದ ಮೂಸಿ ಬಿಟ್ಟಿತು, ಖಯಾಲಿನ ಸೆರಗು ಎಳೆದು ನೋಡಿತು, ಕುಬಸವನ್ನು ಮಾತ್ರ ಸಾವಕಾಶ ಅಗಿಯತೊಡಗಿತು.

"ಆತ್ಯಾ! ಎಮ್ಮಿ ಠುಮ್ರಿ ತಿನ್ನಾಕತ್ತೈತಿ!" ಎಂದು ನಾವು ಬೊಬ್ಬೆ ಹೊಡೆದೆವು.

ಆತ್ಯಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನೋಡಿದಳು. "ತಿನ್ನಲಿ ಬಿಡ್ರಿ. ಹಾಡವ್ರು ಹೆಂಗೂ ಕಡಿಮಿ ಆಗ್ಯಾರ, ಅದರ ಬಾಯಾಗರ ಇರಲಿ" ಎಂದಳು.

ಇನ್ನೊಂದು ಆಟ ಗುರುವಿನ ಮನೆ. "ಹಿಂದಕ ಗುರುವಿನ ಮನ್ಯಾಗ ಮೊದಲ ಎರಡ ವರ್ಷ ಬಾಯಿ ಬಿಡಾಕ ಕೊಡತಿರಲಿಲ್ಲ, ನೀರ ಹೊರಬೇಕು" ಎಂದು ನಮ್ಮ ಕೈಗೆ ಕೊಡ ಕೊಡುತ್ತಿದ್ದಳು. ಶಿಷ್ಯರಾದ ನಾವು ನೀರು ಹೊತ್ತೆವು, ಸೆಗಣಿ ಬಳಿದೆವು, ಖಾರ ಕುಟ್ಟಿದೆವು. ಸೂಟಿ ಮುಗಿಸಿ ಬಂದ ನನ್ನ ಅಂಗೈ ನೋಡಿ ಅವ್ವ ಅಪ್ಪನ ಮೇಲೆ ಹರಿಹಾಯ್ದಳು. "ನಿಮ್ಮಕ್ಕ ಇತಿಹಾಸ ಕಲಸಾಕತ್ತಾಳೋ, ಹಿತ್ತಲ ಕಸಾ ತಗಸಾಕತ್ತಾಳೋ?"

ಮರುವರ್ಷ ನಾನು ಆತ್ಯಾಳನ್ನೇ ಕೇಳಿದೆ. "ನೀನೂ ನೀರ ಹೊತ್ತಿದ್ದೇನು?"

"ಮಿರಜದಾಗ ನಾಕ ವರ್ಷ ಹೊತ್ತೇನಿ. ಹಾಡಿದ್ದು ಎರಡ ವರ್ಷ" ಎಂದಳು. ಅಷ್ಟರಲ್ಲಿ ಮದುವೆ ಮಾಡಿದರು. ಗಂಡನ ಮನೆ ಅಥಣಿ ಕಡೆ, ದ್ರಾಕ್ಷಿ ತೋಟದವರು. ಎರಡು ವರ್ಷ ಇದ್ದು, ಹಬ್ಬಕ್ಕೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಕರೆಯಲು ಬಂದವರಿಗೆ ಆಕೆ ಹೇಳಿದ್ದು ಒಂದೇ ಮಾತಂತೆ. "ಆ ಮನ್ಯಾಗ ಬಾಯಿ ಉಣ್ಣಾಕಷ್ಟ ತೆರೀಬೇಕು." ಅಜ್ಜ ಕಬ್ಬಿನ ಹೊಲದ ಹತ್ತಿರದ ಎರಡು ಖೋಲಿಯ ಮನೆಯನ್ನು ಆಕೆಗೆ ಬಿಟ್ಟುಕೊಟ್ಟ. ಊರಿನಲ್ಲಿ ಯಾರೂ ತಮ್ಮ ಮಕ್ಕಳನ್ನು ಆಕೆಯ ಹತ್ತಿರ ಕಲಿಯಲು ಕಳಿಸಲಿಲ್ಲ. ಗಂಡನನ್ನು ಬಿಟ್ಟು ಬಂದವಳ ಹತ್ತಿರ ಏನು ಕಲಿತಾವು!

ಇತಿಹಾಸದ ಪಾಠದಲ್ಲಿ ಗ್ರಾಮೋಫೋನಿನ ಕಾಲ ಬಂದಾಗ ಆತ್ಯಾ ತಾನೇ ಗ್ರಾಮೋಫೋನು ಆದಳು. ಸೀಮೆಎಣ್ಣೆ ಸುರಿಯುವ ತಗಡಿನ ಲಾಳಿಕೆಯನ್ನು ಬಾಯಿಗೆ ಹಿಡಿದು ಪರದೆಯ ಹಿಂದೆ ಕೂಡುವಳು. ಈಚೆ ನಮ್ಮಲ್ಲೊಬ್ಬರು ಬೀಸುವ ಕಲ್ಲು ತಿರುವಬೇಕು. ಜೋರಾಗಿ ತಿರುವಿದರೆ ಹಾಡು ಜೋರು, ಮೆಲ್ಲಗೆ ತಿರುವಿದರೆ ಹಾಡಿಗೆ ನಿದ್ದೆ, ನಿಲ್ಲಿಸಿದರೆ ಅರ್ಧ ಅಕ್ಷರಕ್ಕೆ ಆತ್ಯಾಳೂ ಬಂದ್! ನನ್ನ ತಮ್ಮ ಚಡ್ಡಿಯ ಸೇಡನ್ನು ಇಲ್ಲಿ ತೀರಿಸಿಕೊಂಡ. ಕಲ್ಲನ್ನು ಗರಗರ ತಿರುವಿ ಆಕೆಗೆ ಉಸಿರು ಹತ್ತುವಂತೆ ಮಾಡಿದ. ಆದರೂ ಆಕೆ ಸ್ವರ ಬಿಡಲಿಲ್ಲ. ಎಂಥ ದನಿ ಅಂತೀರಿ! ಕಲ್ಲು ತಿರುವುವವರೇ ತಿರುವುವುದನ್ನು ಮರೆಯುತ್ತಿದ್ದರು.

ಒಮ್ಮೆ ಹಾಡು ನಡೆದಿರುವಾಗಲೇ ಓಣಿಯಲ್ಲಿ ಬರ್ಫದ ಗಾಡಿಯ ಗಂಟೆ ಕೇಳಿತು. ಕಲ್ಲು ಅಲ್ಲೇ ಬಿಟ್ಟು ಐದೂ ಜನ ಓಡಿದೆವು. ಬರ್ಫ ತಿಂದು, ಹುಣಸೆ ಮರ ಹತ್ತಿ ಇಳಿದು, ಅರ್ಧ ತಾಸಿನ ಮೇಲೆ ತಿರುಗಿ ಬಂದರೆ ಮನೆ ತಣ್ಣಗಿತ್ತು. ಪರದೆ ಸರಿಸಿದೆ. ಆತ್ಯಾ ಲಾಳಿಕೆ ಹಿಡಿದು ಹಾಗೇ ಕೂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ರಿ? ಇನ್ನೂ ಸಮ್ ಬಂದಿಲ್ಲ, ತಿರುವ್ರಿ" ಎಂದಳು. ತಾಳದ ಸುತ್ತು ಮೊದಲಿಟ್ಟಲ್ಲಿಗೇ ಬಂದು ಮುಟ್ಟುವ ಜಾಗ ಸಮ್. ನಾವು ಬಿದ್ದು ಬಿದ್ದು ನಕ್ಕೆವು. ಆಕೆಯೂ ನಕ್ಕಳು. ಆ ಅರ್ಧ ತಾಸು ಆಕೆ ಪರದೆ ನೋಡುತ್ತ ಏನು ಯೋಚಿಸಿದ್ದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಸೂಟಿ ಎರಡು ತಿಂಗಳು, ವರ್ಷ ಹನ್ನೆರಡು ತಿಂಗಳು. ಉಳಿದ ಹತ್ತು ತಿಂಗಳು ಆತ್ಯಾ ಪೋಸ್ಟ್ ಕಾರ್ಡಿನಲ್ಲಿ ಪ್ರಶ್ನೆ ಕಳಿಸುತ್ತಿದ್ದಳು. "ತಬಲಾ ಯಾಕ ಎರಡ? ಸೋರೆ ಬುರುಡೆಯಿಂದ ತಂಬೂರಿ ಹೆಂಗ ಮಾಡತಾರ? ಉತ್ತರಾ ಬರೀರಿ." ಯಾರು ಬರೆಯಬೇಕು! ನಮಗೆ ಶಾಲೆ, ಕಬಡ್ಡಿ, ಗೆಳತಿಯರು. ಮೇ ತಿಂಗಳಿಗೆ ಹೋದಾಗ, "ಕಾರ್ಡ ಮುಟ್ಟಿತ್ತೇನು?" ಎಂದು ಕೇಳುವಳು. "ಮುಟ್ಟಿತ್ತು" ಎನ್ನುವೆವು. ಮುಂದಿನದನ್ನು ಆಕೆ ಕೇಳುತ್ತಿರಲಿಲ್ಲ, ತಾನೇ ಉತ್ತರ ಹೇಳಿಬಿಡುತ್ತಿದ್ದಳು.

ಕಪಿಗಳು ದೊಡ್ಡವಾದವು. ಸೂಟಿಗೆ ಬರುವವರು ಐವರಲ್ಲಿ ಮೂವರು ಉಳಿದರು, ಆಮೇಲೆ ನಾನೊಬ್ಬಳೇ. ಐದು ಶಿಷ್ಯರು ಬೇಕಾದ ಆಟಕ್ಕೆ ಒಬ್ಬಳೇ ಶಿಷ್ಯೆ ಸಾಲುವುದೇ? ಆತ್ಯಾ ಸೋಲುವವಳಲ್ಲ. ಉಳಿದ ನಾಲ್ವರೂ ತಾನೇ ಆದಳು. ಅಲ್ಲಿ ಕೂತು ತಪ್ಪು ಹೇಳುವಳು, ಇಲ್ಲಿ ಬಂದು ಬೈಯುವಳು, ಮತ್ತೆ ಅಲ್ಲಿಗೆ ಹೋಗಿ ಕಿವಿ ಹಿಡಿದುಕೊಳ್ಳುವಳು! ನಾನು ನಕ್ಕು ನಕ್ಕು ಸುಸ್ತಾಗಿ, ಅದೇ ಸಂಜೆ ಯಾಕೋ ಅವ್ವನ ನೆನಪಾಗಿ ಅತ್ತುಬಿಟ್ಟೆ.

ಆ ವರ್ಷ ಅಪ್ಪ, "ಆಟಾ ಸಾಕು, ಪರೀಕ್ಷಾಕ್ಕ ಕೂಡಲಿ" ಎಂದ. ಸಂಗೀತ ಪರೀಕ್ಷೆಯ ಅರ್ಜಿಗೆ ಕ್ಲಾಸು ನಡೆಸುವವರ ಸಹಿ ಬೇಕಿತ್ತು. ನಿಪ್ಪಾಣಿಯ ಹಾರ್ಮೋನಿಯಂ ಮಾಸ್ತರರು, ಪಾಪ ಒಳ್ಳೆಯವರು, ಸಹಿ ಮಾಡಿಕೊಟ್ಟರು. ಅವರ ಹತ್ತಿರ ನಾನು ಕಲಿತದ್ದು ನಾಲ್ಕೇ ದಿನ.

ಪರೀಕ್ಷೆ ಚಿಕ್ಕೋಡಿಯ ಒಂದು ಶಾಲೆಯಲ್ಲಿ. ಆತ್ಯಾ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಬಂದಳು. ನನಗಿಂತ ಮುಂಚೆ ಅಥಣಿಯ ಹುಡುಗನೊಬ್ಬನ ಮೌಖಿಕ ನಡೆದಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಪರೀಕ್ಷಕರು ಕೊನೆಗೆ, "ಛಾನ್! ಯಾರ ಕಡೆ ಕಲ್ತಿ?" ಎಂದರು. ಹುಡುಗ ಗುರುವಿನ ಹೆಸರು ಹೇಳಿದ. ಪರೀಕ್ಷಕರು ಆ ಗುರುವನ್ನು ಒಳಗೆ ಕರೆಸಿ, ನಮಸ್ಕಾರ ಮಾಡಿ, ಕುರ್ಚಿ ಹಾಕಿಸಿ, ಚಹಾ ಕೊಟ್ಟರು.

"ಚಾ ಸೈತ ಕೊಟ್ರ ನೋಡ!" ಎಂದಳು ಆತ್ಯಾ ನನ್ನ ತೋಳು ಹಿಡಿದು. ಸಾವಿರ ಪ್ರಶ್ನೆ ಕೇಳಿ ನನ್ನನ್ನು ತಯಾರು ಮಾಡಿದ್ದ ಆಕೆ, ಯಾರ ಕಡೆ ಕಲ್ತಿ ಎಂಬ ಈ ಒಂದು ಪ್ರಶ್ನೆಯನ್ನು ಯಾವತ್ತೂ ಕೇಳಿರಲಿಲ್ಲ.

ನನ್ನ ಸರದಿ ಬಂತು. ಪಟಪಟ ಹೇಳಿದೆ. ಧ್ರುಪದ ಅಂದಾಗ ಕೌದಿ, ಖಯಾಲು ಅಂದಾಗ ಸೀರೆ ಕಣ್ಣಮುಂದೆ ಬರುತ್ತಿದ್ದವು, ತಪ್ಪುವುದಾದರೂ ಹೇಗೆ? ಪರೀಕ್ಷಕರು ಪೆನ್ನು ಕೆಳಗಿಟ್ಟು ನಕ್ಕರು. "ಎಲ್ಲಾ ಕಣ್ಣಾರೆ ನೋಡಿದಂಗ ಹೇಳ್ತಿಯಲ್ಲವಾ! ಯಾರ ಕಡೆ ಕಲ್ತಿ?"

ನಾನು ಬಾಗಿಲ ಕಡೆ ನೋಡಿದೆ. ಆತ್ಯಾ ಚಪ್ಪಲಿ ಕಳಚಿದ್ದಳು. ಸೆರಗು ಹೊದ್ದು, ಒಂದು ಬರಿಗಾಲನ್ನು ಹೊಸ್ತಿಲ ಒಳಗೆ ಇಟ್ಟಾಗಿತ್ತು.

ಆಕೆ ಯಾರು, ಎಲ್ಲಿ ಹಾಡಿದ್ದಾರೆ ಎಂದು ಕೇಳಿದರೆ ಏನು ಹೇಳಲಿ? ಬೀಸುವ ಕಲ್ಲು, ಲಾಳಿಕೆ, ಎಮ್ಮೆ ಅನ್ನಲೇ? ಅಥಣಿಯ ಹುಡುಗ ಅಲ್ಲೇ ಕೂತಿದ್ದ. ನನಗೆ ನಾಚಿಕೆಯಾಯಿತು. ಬೇರೆ ಕಾರಣ ಹುಡುಕಿ ಪ್ರಯೋಜನವಿಲ್ಲ, ನಾಚಿಕೆಯೇ. ಹಾರ್ಮೋನಿಯಂ ಮಾಸ್ತರರ ಹೆಸರು ಹೇಳಿದೆ.

ಪರೀಕ್ಷಕರು ಬರೆದುಕೊಂಡರು. ಮತ್ತೆ ನೋಡಿದಾಗ ಆತ್ಯಾ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಎಡದ್ದು ಬಲಕ್ಕೆ ಹೋಗಿತ್ತು, ಬದಲಿಸಿ ಹಾಕಿಕೊಂಡಳು.

ಬಸ್ಸಿನಲ್ಲಿ ನನಗೆ ಶೇಂಗಾ ಕೊಡಿಸಿದಳು. ಸಿಪ್ಪೆ ಸುಲಿದು ಸುಲಿದು ನನ್ನ ಉಡಿಗೆ ಹಾಕಿದಳು, ತಾನು ಒಂದೂ ತಿನ್ನಲಿಲ್ಲ. ಅರ್ಧ ದಾರಿಗೆ ನನಗೆ ತಡೆಯಲಾಗಲಿಲ್ಲ.

"ಆತ್ಯಾ, ನಾ ಒಂದ ಪ್ರಶ್ನಿ ತಪ್ಪ ಹೇಳಿದ್ನಿ."

"ಯಾವ್ದ?"

"ಕಡೀದು."

ಆಕೆ ಕೈಯಲ್ಲಿದ್ದ ಕೊನೆಯ ಶೇಂಗಾ ಸುಲಿದು ನನ್ನ ಉಡಿಗೆ ಹಾಕಿದಳು. ಆಮೇಲೆ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ಅದಕ್ಕ ಮಾರ್ಕ್ ಇರಂಗಿಲ್ಲ ಕೂಸ, ಬಿಡು" ಎಂದಳು.