ಬಚ್ಚಲುಮನೆಯ ಏಡಿ ಸಂಸಾರ

ಮೀನು ಮುಟ್ಟದ ಮನೆಯಲ್ಲಿ ಹುಟ್ಟಿ ಮೀನಿನ ಆಫೀಸರನ್ನು ಕಟ್ಟಿಕೊಂಡರೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಮ್ಮ ಯಜಮಾನರು ಕಡಲತೀರದ ಹಿನ್ನೀರಿನಲ್ಲಿ ಮೀನು, ಏಡಿಗಳ ಪಾಠ ಕಲಿತು ಬಂದು ಶಿರಂಗಾಲದ ಹೊಳೆದಂಡೆಯಲ್ಲಿ ಕೆಲಸಕ್ಕಿದ್ದರು. ನಾನು ಶನಿವಾರಸಂತೆಯ ದಿನಸಿ ವ್ಯಾಪಾರಿಯ ಮಗಳು. ಕೊರಳಲ್ಲಿ ಲಿಂಗ, ಬಚ್ಚಲಲ್ಲಿ ಏಡಿ!

೧. ನೀರಿನ ಕೆಲಸ

ಸಂಬಂಧ ತಂದವರು "ಹುಡುಗನಿಗೆ ಸರ್ಕಾರಿ ಕೆಲಸ, ನೀರಿನ ಕಡೆ" ಎಂದಷ್ಟೇ ಹೇಳಿದ್ದರು. ಅಪ್ಪ ಕಾಲುವೆ ಅಂದುಕೊಂಡರು. ನಿಜ ಗೊತ್ತಾಗಿದ್ದು ತಾಳಿ ಕಟ್ಟಿದ ಮೇಲೆ.

"ಮೀನು ತಿಂತೀರಾ?"

"ಛೆ, ಇಲ್ಲ ಮಾವ."

"ಮಾರ್ತೀರಾ?"

"ಇಲ್ಲ. ಹಿಡಿದು, ಉದ್ದ ಅಗಲ ಅಳೆದು, ವಾಪಸ್ ಬಿಡ್ತೀನಿ."

ಅಪ್ಪ ಕೇಳಿದರು: "ಅಲ್ಲ ಅಳಿಯಂದಿರೇ, ಅದಕ್ಕೇನು ಅಂಗಿ ಹೊಲಿಸ್ತೀರಾ?"

೨. ಯಾವ ನಿಜ?

ಬಲೆ ಬೀಸುವವರ ಹತ್ತಿರ "ಇವತ್ತು ಎಷ್ಟು ಸಿಕ್ತು?" ಎಂದು ಕೇಳುವುದು ಇವರ ಕೆಲಸ. ಒಬ್ಬ ಬೆಸ್ತ ತುಂಬಿದ ಬುಟ್ಟಿಯ ಮೇಲೆ ಟವೆಲ್ ಮುಚ್ಚಿ, ಅದರ ಮೇಲೆ ತಾನೇ ಕೂತು, "ಒಂದೂ ಇಲ್ಲ ಸ್ವಾಮಿ" ಅಂದ. "ತೆರಿಗೆ ಹಾಕಲ್ಲಪ್ಪಾ, ಹೆಚ್ಚು ಮೀನಿದ್ದರೆ ಸರ್ಕಾರಕ್ಕೆ ಸಂತೋಷ" ಎಂದು ಇವರು ಸಮಾಧಾನ ಹೇಳಿದರು. ಮಾರನೇ ದಿನ ಅವನು ಹೇಳಿದ ಲೆಕ್ಕ ಕೇಳಿದರೆ ಹೊಳೆಯಲ್ಲಿ ನೀರಿಗೇ ಜಾಗ ಇರಲಿಲ್ಲ.

ಇವರಿಗೆ ರೇಗಿತು. "ನಿಜ ಹೇಳಯ್ಯಾ!"

"ಯಾವ ನಿಜ ಸ್ವಾಮಿ? ತೆರಿಗೆಯವರಿಗೆ ಹೇಳೋದಾ, ಹೆಣ್ಣು ಕೊಡೋರಿಗೆ ಹೇಳೋದಾ?"

೩. ಹೊಸ ಉಡುಪು

ಹೊಳೆಯ ಏಡಿಗಳನ್ನು ಇವರು ನಮ್ಮ ಬಚ್ಚಲಿನ ಕಂಚಿನ ಕೊಳಗದಲ್ಲಿ ಸಾಕಿದ್ದರು. ಅದು ನನ್ನ ತವರಿನ ಕೊಳಗ! ಒಂದು ಬೆಳಿಗ್ಗೆ ನೋಡಿದರೆ ಒಂದು ಏಡಿ ಅಲ್ಲಾಡುತ್ತಿಲ್ಲ. ಕಡ್ಡಿಯಿಂದ ತಿವಿದೆ, ಒಳಗೆ ಟೊಳ್ಳು. "ಅಯ್ಯೋ, ಸತ್ತಿತು!" ಎಂದು ಕೂಗಿದೆ.

ಇವರು ಓಡಿ ಬಂದು ಕುಣಿದಾಡಿದರು. "ಸತ್ತಿಲ್ಲ ಕಣೇ, ಪೊರೆ ಬಿಟ್ಟಿದೆ! ಹಳೇ ಚಿಪ್ಪು ಕಳಚಿ ಹಾಕಿ ಹೊಸದು ತೊಡುತ್ತೆ. ಅಲ್ಲಿ ನೋಡು, ಕಲ್ಲಿನ ಹಿಂದೆ ಮೆತ್ತಗೆ ಕೂತಿದೆ."

"ಏಡಿಗೂ ಹೊಸ ಉಡುಪು. ನನಗೆ ಮಾತ್ರ ಮದುವೆಯ ಸೀರೆಯೇ ಗತಿ," ಅಂದೆ.

ಇವರು ಏಡಿಯಿಂದ ಕಣ್ಣು ತೆಗೆಯದೆ ಅಂದರು: "ಅದು ದಪ್ಪ ಆದಾಗ ಮಾತ್ರ ಬದಲಾಯಿಸೋದು. ನೀನೂ ಇನ್ನೇನು, ಹತ್ತಿರ ಬಂದಿದ್ದೀಯ."

ಅವತ್ತು ಮಧ್ಯಾಹ್ನ ಅವರಿಗೆ ಗಂಜಿಯೇ ಗತಿಯಾಯಿತು.

೪. ಕಾಲಿಗೆ ಬಿದ್ದವರು

ಒಮ್ಮೆ ಅಪ್ಪ ನಮ್ಮನ್ನು ನೋಡಲು ಬಂದರು. ಬಂದವರೇ ಸ್ನಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ "ಶಿವಾ! ಶಿವಾ!" ಎಂಬ ಕೂಗು.

ಓಡಿ ಹೋದೆವು. ಅಪ್ಪ ಪಂಚೆ ಸುತ್ತಿಕೊಂಡು ಒಗೆಯುವ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಾರೆ. ಕೊಳಗ ಮಗುಚಿದೆ. ನೆಲದ ತುಂಬಾ ಉದ್ದಿನಕಾಳಿನಂಥ ಏಡಿಮರಿಗಳು ಹರಿದಾಡುತ್ತಿವೆ.

"ಮಾವ, ಕಾಲು ಕೆಳಗಿಡಬೇಡಿ!" ಇವರು ನೆಲದ ಮೇಲೆ ಅಂಬೆಗಾಲಿಟ್ಟು, ನನ್ನ ತುಪ್ಪದ ಚಮಚದಿಂದ ಒಂದೊಂದೇ ಮರಿಯನ್ನು ಎತ್ತತೊಡಗಿದರು. ಜೊತೆಗೆ ಪಾಠ ಬೇರೆ: "ಕಡಲ ಏಡಿ ಮರಿಗಳನ್ನ ನೀರಿಗೆ ಬಿಟ್ಟು ಮರೆತುಬಿಡುತ್ತೆ ಮಾವ. ನಮ್ಮ ಹೊಳೆ ಏಡಿ ಹಾಗಲ್ಲ, ಹೊಟ್ಟೆ ಕೆಳಗೇ ಇಟ್ಕೊಂಡು ಸಾಕುತ್ತೆ. ಎಂಥಾ ತಾಯಿ!"

ಬಿಸಿನೀರು ಆರಿತು. ಅಪ್ಪ ನಡುಗುತ್ತಾ ನಿಂತೇ ಇದ್ದರು. ನನಗೆ ಅಳು, ಕೋಪ ಎರಡೂ ಒಟ್ಟಿಗೆ ಬಂದವು. ಅಪ್ಪ ಈಗಲೇ ನನ್ನನ್ನು ತವರಿಗೆ ಕರೆದುಕೊಂಡು ಹೊರಡುತ್ತಾರೆ ಅಂದುಕೊಂಡೆ.

ಕೊನೆಗೆ ಅವರು ಇಳಿದು ಬಂದು ತಲೆ ಒರೆಸಿಕೊಳ್ಳುತ್ತಾ ಹೇಳಿದರು:

"ಮೊಮ್ಮಕ್ಕಳ ಸುದ್ದಿ ಏನಾದ್ರೂ ಉಂಟಾ ಅಂತ ಕೇಳೋಕೆ ಬಂದಿದ್ದೆ ಕಣವ್ವಾ. ಕೇಳೋಕೆ ಮುಂಚೆನೇ ಎಲ್ಲಾ ಒಟ್ಟಿಗೆ ಬಂದು ಕಾಲಿಗೆ ಬಿದ್ದವು!"