ಶರಾವತಿಗೆ ಗಾಳಿ ಹಿಡಿದದ್ದು

"ನನ್ನ ಮಿಲ್ಲಿನ ಪಂಪಿಗೆ ಇನ್ನೊಬ್ಬ ಕೈ ಹಾಕೋದಾ? ನಾನು ಸತ್ತ ಮೇಲೆ" ಎಂದು ಮಾಸ್ತಪ್ಪ ಸಾರಿದ್ದು ಸೋಮವಾರ. ಬುಧವಾರದ ಹೊತ್ತಿಗೆ ಬದುಕಿದ್ದಾಗಲೇ ಇನ್ನೊಬ್ಬನಿಗೆ ಹೇಳಿ ಕಳಿಸಬೇಕಾಯಿತು. ಅಷ್ಟರಲ್ಲಿ ಹೊಸನಗರದ ಗಂಡಸೊಬ್ಬ ಎಷ್ಟು ಹೆದರಬಹುದೋ ಅಷ್ಟನ್ನೂ ಅವನು ಹೆದರಿ ಮುಗಿಸಿದ್ದ. ಗುರುವಾರದ್ದು ಇನ್ನೂ ಬಾಕಿ ಇತ್ತು.

ಮಾಸ್ತಪ್ಪನದು ಊರ ಕೊನೆಯಲ್ಲಿದ್ದ ಅಕ್ಕಿ ಮಿಲ್ಲು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಲಿ, ಮನೆಮನೆಗೂ ಕರೆಂಟು ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ. ಅಲ್ಲಿಯವರೆಗೆ ಮಿಲ್ಲು ಓಡಿಸುವುದು ಒಂದು ಆಯಿಲ್ ಎಂಜಿನ್ನು, ಅದು ಕಾದು ಕೆಂಡವಾಗದಂತೆ ತೊಟ್ಟಿಯ ನೀರನ್ನು ಅದರ ಮೈಗೆ ಸುತ್ತಿಸಲು ಒಂದು ಪಂಪು. ಬಸ್ಸಿನ ಸಾಹುಕಾರರು ಬಸ್ಸಿಗೆ ಮಕ್ಕಳ ಹೆಸರಿಡುವುದನ್ನು ನೋಡಿ ಇವನೂ ಪಂಪಿನ ಹೊಟ್ಟೆ ಮೇಲೆ ಕೆಂಪು ಬಣ್ಣದಲ್ಲಿ ಒಬ್ಬಳೇ ಮಗಳ ಹೆಸರು ಬರೆಸಿದ್ದ: ಶರಾವತಿ. ಮಿಲ್ಲಿಗೂ ಮನೆಗೂ ಒಂದೇ ಗೋಡೆ.

ಆ ಮಗಳನ್ನು ನೋಡಲು ಗುರುವಾರ ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಇಕ್ಕೇರಿಯ ಒಂದು ಮದುವೆಯಲ್ಲಿ ಹುಡುಗನನ್ನು ದೂರದಿಂದ ಕಂಡ ಶರಾವತಿ ಆಗಲೇ ಮನಸ್ಸು ಕೊಟ್ಟಾಗಿತ್ತು. ತೊಡಕೆಲ್ಲ ಹುಡುಗನ ಅಪ್ಪ ಕೆರಿಯಪ್ಪನದು. ಒಂದು ಸಂಬಂಧವನ್ನು ಬೆಕ್ಕು ಅಡ್ಡ ಬಂತೆಂದು ಬಿಟ್ಟಿದ್ದ, ಇನ್ನೊಂದನ್ನು ಹಲ್ಲಿ ಲೊಚಗುಟ್ಟಿತೆಂದು. ಹಾಗಾಗಿ ಮಾಸ್ತಪ್ಪನ ಹೆಂಡತಿ ಜಲಜಮ್ಮ ಬೆಕ್ಕನ್ನು ನೆಂಟರ ಮನೆಗೆ ಕಳಿಸಿ, ಗೋಡೆಗೋಡೆಯ ಹಲ್ಲಿ ಓಡಿಸಿ, ಸೋಮವಾರದಿಂದಲೇ ಮನೆ ತೊಳೆಯಲು ನಿಂತಿದ್ದಳು.

ಅದೇ ಹೊತ್ತಿಗೆ ಪಂಪು ಸದ್ದು ಶುರುಮಾಡಿತು. ಮೊದಲು ಗರಗರ. ಆಮೇಲೆ ಗೊರಗೊರ. ಮಂಗಳವಾರ ಹೆಂಗಸೊಬ್ಬಳು ನರಳಿದಂತೆ, "ಊಂ... ಊಂ..."

ಬೇರಿಂಗೇ ಇರಬೇಕೆಂದು ಮಾಸ್ತಪ್ಪ ಗ್ರೀಸು ತುಂಬಿದ. ನಟ್ಟು ಬಿಗಿದ. ಸುತ್ತಿಗೆಯಿಂದ ಮೆಲ್ಲಗೆ ಎರಡು ಕೊಟ್ಟ. ಕೊನೆಗೆ ಸ್ಕ್ರೂಡ್ರೈವರನ್ನು ಪಂಪಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು, ದೊಡ್ಡಾಸ್ಪತ್ರೆ ಡಾಕ್ಟರಂತೆ ಕಣ್ಣು ಮುಚ್ಚಿದ. ಕಿವಿಯೊಳಗೇ ಯಾರೋ ನರಳಿದ ಹಾಗಾಯಿತು. ಸ್ಕ್ರೂಡ್ರೈವರ್ ಅಲ್ಲೇ ಬಿಸಾಕಿ ಅಡುಗೆಮನೆಗೆ ಬಂದು ನಿಂತ.

"ಎಂತ ಆಯ್ತು? ಮುಖ ಬೆಳ್ಳಗಾಗಿದೆ" ಅಂದಳು ಜಲಜಮ್ಮ.

"ಹಿಟ್ಟು ಹಾರಿದ್ದು."

"ನಮ್ದು ಅಕ್ಕಿ ಮಿಲ್ಲು."

ಬುಧವಾರ ಎಂಜಿನ್ನು ಕೈಯಿಡಲಾರದಷ್ಟು ಕಾಯತೊಡಗಿತು. ಮಾಸ್ತಪ್ಪ ಪಂಪಿನ ನೆತ್ತಿಯ ತಿರುಪು ಸಡಿಲಿಸಿದ. ನೀರು ಚಿಮ್ಮಬೇಕಾದಲ್ಲಿ ಬುಸ್ಸೆಂದು ಗಾಳಿ ಬಂತು. ರೋಗ ಸಿಕ್ಕಿತೆಂದು ಹಿಗ್ಗಿದ. ಗಾಳಿ ಎಲ್ಲಿಂದ ಬಂತೆಂದು ಮಾತ್ರ ತಲೆಕೆಳಗಾಗಿ ನಿಂತರೂ ತಿಳಿಯಲಿಲ್ಲ. ಓಡಿಹೋಗಿ ತೀರ್ಥಹಳ್ಳಿ ಬಸ್ಸಿಗೆ ಅಡ್ಡ ನಿಂತ. ಆಗೆಲ್ಲ ಟಪಾಲಿಗಿಂತ ಕಂಡಕ್ಟರನ ಬಾಯಿಯೇ ಬೇಗ ಊರು ಮುಟ್ಟುತ್ತಿತ್ತು.

"ಮಂಜಯ್ಯ, ಮೆಕ್ಯಾನಿಕ್ ಶೇಷಪ್ಪಂಗೆ ಹೇಳು ಮಾರಾಯ. ನಮ್ಮ ಶರಾವತಿಗೆ ಗಾಳಿ ಹಿಡಿದದೆ. ನನ್ನ ಕೈಲಿ ಬಿಡಿಸಕ್ಕಾಗ್ಲಿಲ್ಲ. ನಾಳೆ ಗಂಡಿನವರು ಬರೋದ್ರೊಳಗೆ ಬಿಡಿಸ್ಬೇಕು."

ಕಂಡಕ್ಟರ್ ಮಂಜಯ್ಯ ಎದೆ ಮುಟ್ಟಿಕೊಂಡ. "ಅಯ್ಯೋ ಶಿವನೆ. ಯಾವಾಗಿಂದ?"

"ಸೋಮವಾರದಿಂದ. ಒಂದೇ ಸಮ ನರಳ್ತಾಳೆ."

ಮನೆಗೆ ಬಂದು ತನ್ನ ಚುರುಕುತನವನ್ನು ಹೆಂಡತಿಗೆ ಒಪ್ಪಿಸಿದ. ಅವಳು ಪೊರಕೆ ಕೆಳಗಿಟ್ಟಳು.

"ಪಂಪು ಅಂದ್ರಾ?"

"ಶರಾವತಿ ಅಂದೆ."

"ಗಾಳಿ ಹಿಡಿದದೆ ಅಂದ್ರಾ?"

"ಹಿಡಿದಿರೋದು ಗಾಳೀನೇ ಅಲ್ವಾ?"

"ಬಸ್ಸಲ್ಲಿ ಯಾರ್ಯಾರಿದ್ರು?"

ಮಾಸ್ತಪ್ಪ ನೆನಪು ಮಾಡಿಕೊಂಡ. "ಮುಂದಿನ ಸೀಟಲ್ಲಿ ಕೆರಿಯಪ್ಪನ ತಂಗಿ ವಿಶಾಲಮ್ಮ ಇದ್ದರು. ಕೈ ಮುಗಿದೆ. ಅವರು ಮುಗೀಲಿಲ್ಲ."

ಹೇಳಿದ ಮೇಲೆ ಅವನಿಗೇ ಅರ್ಥವಾಯಿತು. ಬೆಕ್ಕಿಗೆ ಹೆದರುವ ಮನೆಗೆ ತಾನೇ ದೆವ್ವದ ಸುದ್ದಿ ಕಳಿಸಿದ್ದ, ಅದೂ ಮಗಳ ಹೆಸರಲ್ಲಿ. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ ಶರಾವತಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅದು ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಗುರುವಾರ ಬಸ್ಸಿನಿಂದ ಕೆರಿಯಪ್ಪ ಇಳಿದ, ವಿಶಾಲಮ್ಮ ಇಳಿದಳು, ಹುಡುಗ ಗಣೇಶಮೂರ್ತಿ ಇಳಿದ. ಶೇಷಪ್ಪ ಇಳಿಯಲಿಲ್ಲ. ಅವನ ಬದಲು ಕಂಕುಳಲ್ಲಿ ಕೋಳಿ, ಕೈಯಲ್ಲಿ ದೆವ್ವ ಬಿಡಿಸುವ ಲಕ್ಕಿ ಸೊಪ್ಪು ಹಿಡಿದ ಒಬ್ಬ ದಪ್ಪ ಮೀಸೆಯವನು ಇಳಿದ.

"ನಾನು ಹುಲಿಯಪ್ಪ. ಶೇಷಪ್ಪ ಕಳ್ಸಿದ. ಮೆಷಿನ್ನಿಗಾದ್ರೆ ನಾನು, ಹೆಣ್ಮಕ್ಳಿಗಾದ್ರೆ ನೀನು ಅಂದ. ಹುಡುಗಿ ಎಲ್ಲಿ?"

ಮಾಸ್ತಪ್ಪ ಎಲ್ಲರನ್ನೂ ಒಳಗೆ ಕರೆದ. ಕೆರಿಯಪ್ಪ ಚಪ್ಪಲಿ ಕೈಗೆಟುಕುವಂತೆ ಚಾಪೆಯ ತುದಿಯಲ್ಲಿ ಕೂತ. ಶರಾವತಿ ಕಾಫಿ ತಂದು ಅವನೆದುರು ಬಗ್ಗಿದಳು. ಬೆಳಿಗ್ಗೆ ಪರೀಕ್ಷೆಗೆಂದು ಹಚ್ಚಿದ ಎಂಜಿನ್ನನ್ನು ಗಾಬರಿಯಲ್ಲಿ ಯಾರೂ ನಿಲ್ಲಿಸಿರಲಿಲ್ಲ. ಗೋಡೆಯಿಂದ ಬಂತು: "ಊಂ... ಊಂ..."

"ಬಾಯಿ ಮುಚ್ಕಂಡೇ ನರಳ್ತಾಳಲ್ಲ ಅಣ್ಣ" ಎಂದು ವಿಶಾಲಮ್ಮ ಪಿಸುಗುಟ್ಟಿದಳು.

"ಅದು ಇವಳಲ್ಲ. ಆ ಶರಾವತಿ ಗೋಡೆ ಆಚೆ ಇದಾಳೆ" ಅಂದ ಮಾಸ್ತಪ್ಪ.

"ಇಬ್ಬರಿದಾರಾ?" ಕೆರಿಯಪ್ಪ ಎದ್ದೇಬಿಟ್ಟ.

ಶರಾವತಿ ತಟ್ಟೆ ಕೆಳಗಿಟ್ಟು, ಕೊಡ ಎತ್ತಿಕೊಂಡು ಹೊರಗೆ ನಡೆದಳು. ಬಾವಿಯ ರಾಟೆ ಗಿರಗಿರ ಅಂದಿತು. ನಾಲ್ಕಾರು ಕೊಡ ನೀರು ಮಿಲ್ಲಿನ ತೊಟ್ಟಿಗೆ ಬಿದ್ದದ್ದು ಕೇಳಿಸಿತು. ನರಳಾಟ ಒಂದೆರಡು ಸಲ ಬಿಕ್ಕಿ ನಿಂತೇ ಹೋಯಿತು. ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು.

"ತೊಟ್ಟೀಲಿ ನೀರೇ ಇರ್ಲಿಲ್ಲ ಅಪ್ಪಯ್ಯ. ಮನೆ ತೊಳಿಯಕ್ಕೆ ನಾನೂ ಅಮ್ಮನೂ ಅದ್ರಿಂದ್ಲೇ ಹೊತ್ತಿದ್ದು. ಪೈಪಿನ ಬಾಯಿ ಹೊರಗೆ ಬಿದ್ದು ಗಾಳಿ ಕುಡೀತಿತ್ತು."

ಗಂಡಿನವರೆಲ್ಲ ಮಿಲ್ಲಿಗೆ ಹೋಗಿ ಪಂಪಿನ ಮೇಲಿನ ಹೆಸರು ಓದಿ ಬಂದರು. ಕೆರಿಯಪ್ಪ ಮಗನ ಮುಖ ನೋಡಿದ. ಮಗ ಶರಾವತಿಯ ಮುಖ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

"ಹುಡುಗಿ ಒಪ್ಪಿಗೆ" ಅಂದ ಕೆರಿಯಪ್ಪ. ಮಾಸ್ತಪ್ಪ ಆ ವಾರದಲ್ಲಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟ.

"ನನ್ನ ಕಥೆ ಎಂತ?" ಹುಲಿಯಪ್ಪ ಎದ್ದು ನಿಂತ. "ಕರೆಸ್ಕಂಡ ಮನೇಲಿ ಒಬ್ರಿಗಾದ್ರೂ ಬಿಡಿಸ್ಲೇಬೇಕು. ಬಿಡಿಸ್ದೆ ಎದ್ರೆ ಅದು ನನ್ನ ಜೊತೆ ಬಸ್ಸು ಹತ್ತುತ್ತೆ."

ಅದೇ ಬಸ್ಸಿಗೆ ವಾಪಸು ಹೋಗಬೇಕಾಗಿದ್ದ ಕೆರಿಯಪ್ಪ ಮತ್ತೆ ಚಾಪೆ ಮೇಲೆ ಕೂತ. "ಹಂಗಾದ್ರೆ ಬಿಡಿಸಿದ ಮೇಲೇ ತಾಂಬೂಲ" ಅಂದ.

ಜಲಜಮ್ಮ ಒಳಗಿಂದ ಮಣೆ ತಂದು ನಡುಮನೆಯಲ್ಲಿ ಹಾಕಿ, ಗಂಡನ ಕಡೆ ತಿರುಗಿದಳು. ಮಾಸ್ತಪ್ಪ ಮಗಳನ್ನೊಮ್ಮೆ ನೋಡಿ, ಅಂಗಿ ಬಿಚ್ಚಿ, ಮಣೆ ಮೇಲೆ ಕೂತ. ಹುಲಿಯಪ್ಪ ಲಕ್ಕಿ ಸೊಪ್ಪು ಎತ್ತಿದ.

"ಸ್ವಲ್ಪ ಜೋರಾಗೇ ಬಿಡಿಸಿ" ಅಂದಳು ಜಲಜಮ್ಮ, "ಇವರಿಗೆ ಹಿಡಿದು ಭಾಳ ವರ್ಷ ಆಯ್ತು."